ಜೋಡಿ ಕಟ್ಟಿದ ಉಸ್ತಾದ

“ಗುರುಗಳೇ, ಎರಡು ಕಾಲೇಜುಗಳು ನನ್ನನ್ನು ಕರೆಯುತ್ತಿವೆ. ಯಾವುದಕ್ಕೆ ಹೋಗಲಿ?”

ಕೇಳಿದವನು ಒಂದು ಕಾಲೇಜಿನ ಫುಟ್‌ಬಾಲ್ ತಂಡದ ತರಬೇತುದಾರ. ಕೇಳಿಸಿಕೊಂಡವರು ಅವನಿಗೆ ಆಟ ಕಲಿಸಿದ ಗುರು. ವಯಸ್ಸಾಗಿದ್ದರೂ ಪ್ರತಿ ಸಂಜೆ ಅವನ ಮೈದಾನಕ್ಕೆ ಬಂದು ಕಲ್ಲುಬೆಂಚಿನ ಮೇಲೆ ಕೂರುತ್ತಿದ್ದರು.

ಆ ವರ್ಷ ಕಾಲೇಜುಗಳ ಲೀಗುಗಳನ್ನು ಮುರಿದು ಹೊಸದಾಗಿ ಹಂಚಿದ್ದರು. ಬಲವಾದ ತಂಡಗಳೆಲ್ಲ ಒಂದು ಲೀಗಿಗೆ ಹೋದವು, ಮಿಕ್ಕವು ಇನ್ನೊಂದರಲ್ಲಿ ಉಳಿದವು. ಶಿಷ್ಯನನ್ನು ಕರೆದ ಕಾಲೇಜುಗಳಲ್ಲಿ ಒಂದು ಬಲವಾದ ಲೀಗಿನಲ್ಲಿತ್ತು, ಇನ್ನೊಂದು ಮಿಕ್ಕವುಗಳ ಲೀಗಿನಲ್ಲಿತ್ತು.

“ಮೊದಲನೆಯದಕ್ಕೆ ಹೆಸರಿದೆ. ಆದರೆ ಅಲ್ಲಿ ಎರಡು ವರ್ಷ ಸೋತರೆ ಬಾಗಿಲು ತೋರಿಸುತ್ತಾರೆ. ಎರಡನೆಯದರಲ್ಲಿ ಗೆಲ್ಲುವುದು ಸುಲಭ. ಆದರೆ ಗೆದ್ದರೂ ಯಾರೂ ತಿರುಗಿ ನೋಡುವುದಿಲ್ಲ. ಹೇಗೆ ಹೋಲಿಸಿದರೂ ಸಮವಾಗಿಯೇ ಕಾಣುತ್ತವೆ.”

“ಕುಳಿತುಕೋ, ಚಿಣ್ಣಪ್ಪ,” ಎಂದರು ಗುರು. “ಹೀಗೆಯೇ ಹೋಲಿಸಿದವನೊಬ್ಬನಿದ್ದ.”

ಅವರು ಹೇಳಿದ ಕತೆ ಇದು.

ಒಂದು ರಾಜ್ಯದಲ್ಲಿ ಒಬ್ಬ ಉಸ್ತಾದನಿದ್ದ. ಸಣ್ಣದೊಂದು ಗರಡಿಯಲ್ಲಿ ಕುಸ್ತಿ ಕಲಿಸುತ್ತಿದ್ದ. ಅವನಿಗಿಂತ ಹೆಚ್ಚು ಪಟ್ಟು ಬಲ್ಲವರು ಬೇರೆ ಇದ್ದರು. ಆದರೆ ಜೋಡಿ ಕಟ್ಟುವುದರಲ್ಲಿ ಅವನದು ಎತ್ತಿದ ಕೈ. ಕುಸ್ತಿಗೆ ಮೊದಲು ಇಬ್ಬರು ಪೈಲ್ವಾನರನ್ನು ಎದುರುಬದುರು ನಿಲ್ಲಿಸಿ, ಅವರು ಸಮಬಲರೇ ಎಂದು ಹಿರಿಯನೊಬ್ಬ ತೀರ್ಮಾನಿಸಬೇಕು. ಅದು ಜೋಡಿ ಕಟ್ಟುವುದು. ಉಸ್ತಾದ ಇಬ್ಬರ ಕತ್ತು ನೋಡುತ್ತಿದ್ದ, ಮೀನಖಂಡ ನೋಡುತ್ತಿದ್ದ, ನಾಲ್ಕು ಹೆಜ್ಜೆ ನಡೆಸುತ್ತಿದ್ದ. ಬಳಿಕ ‘ಜೋಡಿ’ ಎನ್ನುತ್ತಿದ್ದ, ಇಲ್ಲವೇ ‘ಜೋಡಿಯಲ್ಲ’ ಎನ್ನುತ್ತಿದ್ದ. ಜೋಡಿಯಲ್ಲ ಎಂದರೆ ರಾಜನ ಮಗನೂ ಅಖಾಡಕ್ಕೆ ಇಳಿಯುವಂತಿರಲಿಲ್ಲ. ಮೂವತ್ತು ವರ್ಷ ಅವನ ಮಾತಿಗೆ ಎದುರು ಮಾತಾಡಿದವರಿಲ್ಲ.

ಆ ರಾಜ್ಯದ ಗರಡಿಗಳು ಮೂಡಣ ಕೂಟ, ಪಡುವಣ ಕೂಟ ಎಂದು ಎರಡಾಗಿದ್ದವು. ಒಂದು ವರ್ಷ ಅರಮನೆಯವರು ಕೂಟಗಳನ್ನು ಅದಲುಬದಲು ಮಾಡಿದರು. ಮೂರು ತಲೆಮಾರಿನಿಂದ ಒಬ್ಬರೆದುರು ಒಬ್ಬರು ತೊಡೆ ತಟ್ಟಿದ್ದ ಗರಡಿಗಳು ಬೇರೆಯಾದವು. ಒಂದರ ಹೆಸರನ್ನು ಇನ್ನೊಂದು ಕೇಳಿರದ ಗರಡಿಗಳು ಒಂದೇ ಕೂಟಕ್ಕೆ ಬಿದ್ದವು. ಎಲ್ಲರೂ ಹೊಸ ಉಸ್ತಾದರನ್ನು ಹುಡುಕತೊಡಗಿದರು.

ನಮ್ಮ ಉಸ್ತಾದನಿಗೆ ಎರಡು ಕರೆ ಬಂದವು. ಒಂದು ಕೋಟೆ ಗರಡಿಯದು. ಅಲ್ಲಿ ಹೆಸರಾಂತ ಪೈಲ್ವಾನರಿದ್ದರು. ಆದರೆ ಅವರ ಕೂಟದಲ್ಲಿ ಎದುರಾಳಿಗಳೆಲ್ಲ ಹುಲಿಗಳು. ಇನ್ನೊಂದು ಹೊಳೆ ಗರಡಿಯದು. ಅದರ ಕೂಟದಲ್ಲಿ ಎದುರಾಳಿಗಳು ಮೆತ್ತಗಿದ್ದರು. ಪ್ರತಿ ವರ್ಷ ಕೂಟ ಗೆದ್ದು, ಗೆದ್ದವರೆಲ್ಲ ಸೆಣಸುವ ರಾಜಧಾನಿಯ ಕುಸ್ತಿಗೆ ಹೋಗಬಹುದಿತ್ತು. ಆದರೆ ಹೋದ ಮೊದಲ ದಿನವೇ ಮಣ್ಣು ಮುಕ್ಕಿ ಬರಬೇಕಿತ್ತು.

ಉಸ್ತಾದ ಒಂದು ತಿಂಗಳು ಯೋಚಿಸಿದ. ಬಗೆಹರಿಯಲಿಲ್ಲ.

“ಎರಡು ಸೀರೆ ಮುಂದಿಟ್ಟುಕೊಂಡು ನಾನು ಅರ್ಧ ಗಳಿಗೆ ಕೂತರೆ ಬೀದಿಗೆಲ್ಲ ಕೇಳಿಸುವ ಹಾಗೆ ನಗುತ್ತೀರಿ. ನೀವು ಕೂತು ತಿಂಗಳಾಯಿತು,” ಎಂದಳು ಅವನ ಹೆಂಡತಿ.

“ಸೀರೆ ಹಿಡಿಸದಿದ್ದರೆ ಇನ್ನೊಂದು ತರಬಹುದು ಕಣೇ.”

ಅವನಿಗೆ ಐವತ್ತೆಂಟು ದಾಟಿತ್ತು. ಮೂರನೆಯ ಕರೆ ಬರುವುದಿಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು. ಅವಳು ಮತ್ತೆ ಕೆಣಕಲಿಲ್ಲ.

ಕೊನೆಗೆ ಅವನಿಗೆ ಒಂದು ದಾರಿ ಹೊಳೆಯಿತು. ಬಗೆಹರಿಸುವ ವಿದ್ಯೆ ತನ್ನಲ್ಲೇ ಇರುವಾಗ ಈ ಚಿಂತೆ ಏಕೆ ಎನ್ನಿಸಿತು. ಎರಡೂ ಕಡೆಗೆ ಹೇಳಿಕಳಿಸಿದ. ಗರಡಿಗೊಬ್ಬ ಪೈಲ್ವಾನ ಬರಲಿ, ಜೋಡಿಯನ್ನು ನಾನು ಕಟ್ಟುತ್ತೇನೆ, ಗೆದ್ದ ಗರಡಿ ನನ್ನದು. ಇಬ್ಬರು ಯಜಮಾನರೂ ಒಪ್ಪಿದರು. ಗರಡಿಗಳು ತಮ್ಮ ಉಸ್ತಾದರ ಹೆಸರುಗಳನ್ನು ಅರಮನೆಗೆ ತಿಳಿಸಲು ಆಗ ಒಂದೇ ದಿನ ಉಳಿದಿತ್ತು.

ಕೋಟೆ ಗರಡಿಯಿಂದ ಬಂದವನು ಇಪ್ಪತ್ತನಾಲ್ಕರ ಪೈಲ್ವಾನ. ಹೊಳೆ ಗರಡಿಯಿಂದ ಬರಬೇಕಾಗಿದ್ದವನಿಗೆ ಜ್ವರ ಬಂದಿತ್ತು. ಅವನ ಬದಲು ಹದಿನೆಂಟರ ಹುಡುಗನೊಬ್ಬ ಬಂದ.

ಉಸ್ತಾದ ಇಬ್ಬರನ್ನೂ ಎದುರುಬದುರು ನಿಲ್ಲಿಸಿದ. ನಾಲ್ಕು ಹೆಜ್ಜೆ ನಡೆಸಿದ. ಹುಡುಗ ಎತ್ತರವಾಗಿದ್ದ, ಆದರೆ ಮೂಳೆ ಇನ್ನೂ ಬಲಿತಿರಲಿಲ್ಲ. ಜೋಡಿಯಲ್ಲ ಎಂದು ಕಣ್ಣು ಕೂಡಲೇ ಹೇಳಿತು.

ಜೋಡಿಯಲ್ಲ ಎಂದರೆ ಕುಸ್ತಿಯಿಲ್ಲ. ಕುಸ್ತಿಯಿಲ್ಲದಿದ್ದರೆ ಈ ದಿನವೂ ಕಳೆದು ಎರಡು ಕರೆಗಳೂ ಕೈತಪ್ಪುತ್ತವೆ. ಉಸ್ತಾದ ಇನ್ನೊಮ್ಮೆ ನೋಡಿದ. ಎತ್ತರ ಸಮವಿದೆಯಲ್ಲ ಎಂದುಕೊಂಡ. ಹುಡುಗನ ಕಾಲು ಚುರುಕಾಗಿದೆಯಲ್ಲ ಎಂದುಕೊಂಡ. ಮೂವತ್ತು ವರ್ಷದಲ್ಲಿ ಒಂದು ಜೋಡಿಗೂ ಅವನು ಇಷ್ಟು ಕಾರಣ ಹುಡುಕಿರಲಿಲ್ಲ.

“ಜೋಡಿ,” ಎಂದ.

ಕುಸ್ತಿ ಬಹಳ ಹೊತ್ತು ನಡೆಯಲಿಲ್ಲ. ಕೋಟೆ ಗರಡಿಯವನು ಹುಡುಗನನ್ನು ಎತ್ತಿ ಒಗೆದ. ಹುಡುಗ ಭುಜದ ಮೇಲೆ ಬಿದ್ದ. ಮೂಳೆ ಮುರಿದ ಸದ್ದು ಸುತ್ತ ನಿಂತವರಿಗೆಲ್ಲ ಕೇಳಿಸಿತು. ಮೂಳೆ ಕಟ್ಟುವವನು ಬಂದು ನೋಡಿ, ಈ ತೋಳು ಊಟಕ್ಕೆ ಬಂದರೆ ಸಾಕು, ಕುಸ್ತಿಯ ಮಾತು ಇನ್ನು ಎತ್ತಬೇಡಿ ಎಂದ.

ಕೋಟೆ ಗರಡಿಯ ಯಜಮಾನ ಹಾರ ಹಿಡಿದು ಬಂದ. ಉಸ್ತಾದ ಕತ್ತು ಬಾಗಿಸಲಿಲ್ಲ. ಹುಡುಗನನ್ನು ಮಲಗಿಸಿದ್ದ ಚಾಪೆಯ ಬಳಿಗೆ ಹೋಗಿ ಕುಕ್ಕರಗಾಲಿನಲ್ಲಿ ಕುಳಿತ. ಇಬ್ಬರು ಯಜಮಾನರೂ ಅವನ ಹಿಂದೆ ಬಂದು ನಿಂತರು.

“ಅವರನ್ನು ನೋಡಿದಾಗ ನನಗೆ ಹೆದರಿಕೆಯಾಯಿತು, ಉಸ್ತಾದ್ರೇ,” ಎಂದ ಹುಡುಗ. “ಆದರೆ ನೀವು ಜೋಡಿ ಅಂದಿರಿ. ಹಾಗಾದರೆ ನಾನು ಅಂದುಕೊಂಡಿದ್ದಕ್ಕಿಂತ ಗಟ್ಟಿ ಇದ್ದೇನೆ ಅಂತ ಇಳಿದೆ. ನಾನು ತಪ್ಪಿದ್ದು ಎಲ್ಲಿ?”

ಕಾಲು ಇಟ್ಟ ಬಗೆ ಸರಿಯಿರಲಿಲ್ಲ ಎಂದು ಉಸ್ತಾದ ಹೇಳಬಹುದಿತ್ತು. ಹುಡುಗ ನಂಬುತ್ತಿದ್ದ. ಬದುಕಿರುವವರೆಗೂ ತನ್ನ ಕಾಲನ್ನೇ ಬೈದುಕೊಳ್ಳುತ್ತಿದ್ದ. ಹಾರವೂ ಅಲ್ಲೇ ಹಿಂದೆ ಕಾಯುತ್ತಿತ್ತು.

“ನೀನು ತಪ್ಪಲಿಲ್ಲ, ಮಗು. ಅದು ಜೋಡಿಯಾಗಿರಲಿಲ್ಲ. ನನಗೆ ಗೊತ್ತಿತ್ತು.”

ಹುಡುಗ ಮುಖವನ್ನು ಗೋಡೆಯ ಕಡೆಗೆ ತಿರುಗಿಸಿದ. ಹೊಳೆ ಗರಡಿಯ ಯಜಮಾನ ಹೊರಗೆ ನಡೆದ. ಕೋಟೆ ಗರಡಿಯ ಯಜಮಾನ ಹಾರವನ್ನು ಮಡಚಿ ತನ್ನವರ ಕೈಗೆ ಕೊಟ್ಟ.

“ನಮ್ಮ ಮಕ್ಕಳೂ ನಿಮ್ಮ ಕಣ್ಣನ್ನು ನಂಬಿಯೇ ಇಳಿಯಬೇಕಲ್ಲ, ಉಸ್ತಾದ್ರೇ,” ಎಂದ.

ಮರುದಿನ ಅರಮನೆಗೆ ಹೋದ ಹೆಸರುಗಳಲ್ಲಿ ಅವನ ಹೆಸರು ಇರಲಿಲ್ಲ.

ಗುರು ಕತೆ ನಿಲ್ಲಿಸಿದರು. ಮೈದಾನದಲ್ಲಿ ಅಭ್ಯಾಸ ಇನ್ನೂ ನಡೆದಿತ್ತು. ಗೋಲಿನ ಮುಂದೆ ನಿಂತಿದ್ದ ಹುಡುಗ ಒಂದು ಕಾಲನ್ನು ಎಳೆದು ಹಾಕುತ್ತಿದ್ದ.

“ಚಾಪೆಯ ಬಳಿ ಆ ಒಂದು ಮಾತು ಆಡದಿದ್ದರೆ ಅವನಿಗೆ ಕೋಟೆ ಗರಡಿ ಸಿಗುತ್ತಿತ್ತಲ್ಲ, ಗುರುಗಳೇ?” ಎಂದ ಶಿಷ್ಯ.

ಗುರು ಅವನ ಕಡೆಗೆ ತಿರುಗಿದರು.

“ಶನಿವಾರದ ಪಂದ್ಯ ನೋಡಲು ಆ ಎರಡು ಕಾಲೇಜಿನವರೂ ಬರುತ್ತಾರಂತೆ. ಮೊಣಕಾಲು ಊದಿಕೊಂಡಿರುವ ನಿನ್ನ ಗೋಲ್‌ಕೀಪರ್ ಹುಡುಗನಿಗೆ ‘ನೀನು ಆಡಬಲ್ಲೆ’ ಎಂದು ಹೇಳಿದವರು ಯಾರು, ಚಿಣ್ಣಪ್ಪ?”