ಹನ್ನೊಂದು ಕೋಟಿ ಸಾಲು

ಬಸ್ ಕಚೇರಿಯ ಗಂಗಾಧರಯ್ಯ ಸಾಹೇಬರಿಗೆ ಏನಿದ್ದರೂ ಕಣ್ಣಾರೆ ನೋಡಿಯೇ ಸಹಿ ಹಾಕುತ್ತೇನೆಂಬ ಜಂಬ. ಅವತ್ತು ಮೂರು ಗಂಟೆಗೆ ಮೀಟಿಂಗ್. ಯಾವ ಹಳ್ಳಿಯ ಬಸ್ಸು ನಿಲ್ಲಿಸಬೇಕು ಅಂತ ಅಲ್ಲಿ ತೀರ್ಮಾನ. ಜನ ತುಂಬಿ ಓಡುವ ಬಸ್ಸುಗಳ ಪಟ್ಟಿ ಅಷ್ಟರೊಳಗೆ ಸಿಗದಿದ್ದರೆ ಅವಕ್ಕೂ ಕತ್ತರಿ.

"ಕ್ಲೌಡ್ ಸರ್ವರ್‌ನಲ್ಲಿರೋ ಟಿಕೆಟ್ ಡೇಟಾ ಪೂರ್ತಿ ನನ್ನ ಲ್ಯಾಪ್‌ಟಾಪಿಗೆ ಇಳಿಸಮ್ಮ," ಅಂದರು ಸಾಹೇಬರು.

ಡೇಟಾ ಗುಮಾಸ್ತೆಗೆ ಮೈಯೆಲ್ಲ ಉರಿದುಹೋಯಿತು. ಬೆಳಗಿನಿಂದ ಎರಡು ಸಲ ಇಳಿಸಲು ಹೋಗಿ, ಎರಡು ಸಲವೂ ಲ್ಯಾಪ್‌ಟಾಪ್ ಉಸಿರು ನಿಲ್ಲಿಸಿತ್ತು.

"ಸಾರ್, ಲೆಕ್ಕ ಅಲ್ಲೇ ಕ್ಲೌಡಲ್ಲೇ ಮಾಡಿಸೋಣ. ಪೈಥಾನಲ್ಲಿ ನಾಲ್ಕು ಸಾಲು ಪ್ರೋಗ್ರಾಂ ಬರೆದರೆ ಸಾಕು, ಉತ್ತರ ಮಾತ್ರ ಇಲ್ಲಿಗೆ ಬರುತ್ತೆ."

"ಎಲ್ಲ ನೋಡದೆ ಸಹಿ ಹಾಕೋಕೆ ನಾನೇನು ರಬ್ಬರ್ ಸ್ಟಾಂಪಾ?"

ಅವಳು ಹಲ್ಲು ಕಚ್ಚಿಕೊಂಡು ಹೋದಳು. ಒಂದು ಪತ್ರ ಟೈಪ್ ಮಾಡಿ ತಂದು ಮೇಜಿನ ಮೇಲಿಟ್ಟಳು.

"ಏನಿದು?"

"ತಮ್ಮ ಸೇವೆ ಮುಂದುವರಿಸಿ ಅಂತ ಸರ್ಕಾರಕ್ಕೆ ಕೋರಿಕೆ, ಸಾರ್. ಹನ್ನೊಂದು ಕೋಟಿ ಸಾಲು ಡೇಟಾ ಇದೆ. ಸೆಕೆಂಡಿಗೊಂದು ನೋಡಿದರೂ, ಊಟ ನಿದ್ದೆ ಬಿಟ್ಟು, ಮೂರೂವರೆ ವರ್ಷ ಬೇಕು. ತಾವು ರಿಟೈರ್ ಆಗೋದು ಬರೋ ತಿಂಗಳು. ಸಹಿ ಹಾಕಿ."

ಸಾಹೇಬರ ಮುಖ ಕೆಂಡವಾಯಿತು. ಎತ್ತಿದ ಪೆನ್ನು ಗಾಳಿಯಲ್ಲೇ ನಿಂತಿತು.

"ಏನಾದ್ರೂ ಮಾಡ್ಕೊಂಡು ಹಾಳಾಗಿ ಹೋಗು!"

ಹತ್ತು ನಿಮಿಷದಲ್ಲಿ ಕ್ಲೌಡಿನಿಂದ, ಜನ ತುಂಬಿ ಓಡುವ ನಲವತ್ತು ಬಸ್ಸುಗಳ ಪಟ್ಟಿ ಬಂತು. ಸಾಹೇಬರು ಕನ್ನಡಕ ಏರಿಸಿ ಎರಡು ಸಾಲು ನೋಡಿದರು. ಆಕಳಿಸಿದರು.

"ಅಬ್ಬಬ್ಬಾ, ಎಷ್ಟುದ್ದ! ಇದನ್ನೆಲ್ಲ ಯಾರಮ್ಮ ಓದ್ತಾರೆ? ಸಹಿ ಎಲ್ಲಿ ಹಾಕಬೇಕು, ಅಷ್ಟು ತೋರಿಸು."

ಅವಳು ಮೇಜಿನ ಮೇಲಿದ್ದ ರಬ್ಬರ್ ಸ್ಟಾಂಪನ್ನು ಅವರ ಮುಂದಕ್ಕೆ ತಳ್ಳಿದಳು.