ಹಳೇ ಪಿಸ್ತೂಲಿನ ಹಿಡಿ

ಮಡಿಕೇರಿಯ ಕೋವಿ ಅಂಗಡಿಯೊಂದರ ಗಾಜಿನ ಕಪಾಟಿನಲ್ಲಿ ಹಳೇ ಮಾದರಿಯ ಉಕ್ಕಿನ ಪಿಸ್ತೂಲೂ ಪ್ಲಾಸ್ಟಿಕ್ ಹಿಡಿಯ ಹೊಸ ಪಿಸ್ತೂಲೂ ಅಕ್ಕಪಕ್ಕ ಇದ್ದವು. ಹಳೆಯದು ಆ ದಿನವೂ ಮಾರಾಟವಾಗದಿದ್ದರೆ ಅದನ್ನು ಬಿಚ್ಚಿ ಬಿಡಿಭಾಗ ಮಾಡುವುದೆಂದು ಸಾಹುಕಾರರು ತೀರ್ಮಾನಿಸಿದ್ದರು.

"ಏನಜ್ಜಾ, ನಿನ್ನ ಸ್ಪ್ರಿಂಗು ಯಾರಿಗೆ, ಸ್ಕ್ರೂ ಯಾರಿಗೆ?" ಎಂದು ಹೊಸದು ಕೆಣಕಿತು. "ನನಗೆ ದೀಪ ಉಂಟು, ಗುರಿ ತೋರಿಸುವ ಕೆಂಪು ಚುಕ್ಕಿ ಉಂಟು. ನಿನಗೇನುಂಟು?"

"ಗಿರಾಕಿ ಬಂದರು, ಸುಮ್ಮನಿರು," ಎಂದಿತು ಹಳೆಯದು.

ಬಂದವರು ಶೂಟಿಂಗ್ ಕ್ಲಬ್ಬಿನ ದೇಚಮ್ಮ. ಅವರು ಸರಕು ನೋಡುವ ಕ್ರಮವೇ ಬೇರೆ. ಕಣ್ಣು ಮುಚ್ಚಿಕೊಂಡು ಖಾಲಿ ಪಿಸ್ತೂಲನ್ನು ಗೋಡೆಯ ಗುರಿಹಲಗೆಯತ್ತ ಎತ್ತುವರು, ಆಮೇಲೆ ಕಣ್ಣು ತೆರೆಯುವರು. ಹೊಸದನ್ನು ಎತ್ತಿದರು; ನಳಿಗೆ ಛಾವಣಿ ನೋಡುತ್ತಿತ್ತು.

"ಇದರ ಹಿಡಿಯ ಓರೆಗೋಸ್ಕರ ನಾನು ಮಣಿಕಟ್ಟು ಬಗ್ಗಿಸಬೇಕಲ್ಲ ಮಾರಾಯ್ರೆ!"

ಹಳೆಯದನ್ನು ಎತ್ತಿದರು, ನಳಿಗೆ ಹಲಗೆಯ ನಟ್ಟನಡುವೆ ನಿಂತಿತ್ತು. "ಇದನ್ನೇ ಕೊಡಿ ಸಾಹುಕಾರ್ರೇ."

ಹೊಸದರ ದನಿ ಇಳಿಯಿತು. "ಅಜ್ಜಾ, ಆ ವಿದ್ಯೆ ನನಗೂ ಹೇಳಿಕೊಟ್ಟು ಹೋಗು."

"ನನ್ನ ವಿದ್ಯೆ ಏನೂ ಇಲ್ಲ ಮಗಾ. ನನ್ನನ್ನು ಮಾಡಿದವನು ಮೊದಲು ಮನುಷ್ಯರ ಕೈ ನೋಡಿದ, ಆಮೇಲೆ ಉಕ್ಕು ಕಾಯಿಸಿದ."