ಆರುಹೊಳೆ ಹೊಂಡದ ಬೋಳುಕಲ್ಲು

ನಮ್ಮೂರ ಆರುಹೊಳೆ ಹೊಂಡವನ್ನು ನೋಡಲು ಬಂದವರೆಲ್ಲ ಕೇಳುವುದು ಒಂದೇ ಪ್ರಶ್ನೆ: ಹೊಳೆ ಎಲ್ಲಿ? ಇಲ್ಲ. ಇರುವುದು ಕಲ್ಲುಗುಡ್ಡ, ಜಾಲಿಮುಳ್ಳು, ಬಿಸಿಲು. ಎತ್ತ ನಡೆದರೂ ಒಂದು ದಿನದ ದಾರಿಯಲ್ಲಿ ಹೊಳೆ ಎಂಬುದಿಲ್ಲ. ಹೊಂಡದ ದಂಡೆಯಲ್ಲಿ ಮೊಣಕಾಲೆತ್ತರದ ಏಳು ಕಲ್ಲುಗಳಿವೆ. ಆರರ ಮೇಲೆ ಗಂಗೆ, ಯಮುನೆ, ಗೋದಾವರಿ, ನರ್ಮದೆ, ಸಿಂಧು, ಕಾವೇರಿ ಎಂದು ಕೆತ್ತಿದೆ, ಏಳನೆಯದು ಬೋಳು. ಕೆತ್ತುವವನು ಮರೆತಿರಬೇಕು ಎಂದು ಬಂದವರು ತಾವೇ ತೀರ್ಮಾನಿಸುತ್ತಾರೆ. ಮರೆತದ್ದಲ್ಲ ಎಂದು ಹೇಳಿ ಹೇಳಿ ನನಗೆ ಸಾಕಾಗಿದೆ. ಅದಕ್ಕೇ ಬರೆದಿಡುತ್ತಿದ್ದೇನೆ.

ಹಿಂದೆ ಒಮ್ಮೆ, ಪಾಳೆಯಗಾರರ ಕಾಲದಲ್ಲಿ, ಈ ಊರಿನ ಹೆಂಗಸರು ನೀರಿಗಾಗಿ ಒಂದು ಹರಿದಾರಿ ದೂರದ ಕಣಿವೆಗೆ ಇಳಿದು ಹತ್ತುತ್ತಿದ್ದರಂತೆ. ಅದನ್ನು ನೋಡಲಾರದೆ ಊರ ಯಜಮಾನ ಕಾಟಪ್ಪನಾಯಕ ಹೊಂಡ ತೋಡಿಸಿದ. ಮಾರಕ್ಕ ಎಂಬವಳು ಗಂಡನ ಜೊತೆ ಎರಡು ವರ್ಷ ಅಲ್ಲಿ ಮಣ್ಣು ಹೊತ್ತಳು. ಕೊನೆಗೆ ಬಂಡೆಯ ಬುಡದಲ್ಲಿ ಒರತೆ ಒಡೆದು ಮೂರಾಳು ನೀರು ನಿಂತಿತು. ನ್ಯಾಯವಾಗಿ ಕಥೆ ಅಲ್ಲಿಗೇ ಮುಗಿಯಬೇಕಿತ್ತು. ಆದರೆ ಊರಿನ ಜೋಯಿಸ ಅನಂತಯ್ಯನವರು, ಏಳು ಪುಣ್ಯನದಿಗಳ ನೀರನ್ನು ಒಟ್ಟಿಗೆ ಬೆರೆಸಿ ಪೂಜೆಯಾಗುವ ತನಕ ಹೊಸ ನೀರನ್ನು ಯಾರೂ ಮುಟ್ಟಕೂಡದು ಎಂದರು. ನಾಯಕ ಹೂಂಗುಟ್ಟಿದ. ಮುಟ್ಟಿದವರಿಗೆ ಬಹಿಷ್ಕಾರ ಎಂದು ಡಂಗುರವೂ ಆಯಿತು.

ಕಾವೇರಿಯ ನೀರು ಹದಿನೈದು ದಿನದಲ್ಲಿ ಬಂತು, ಗೋದಾವರಿಯದು ಎರಡು ತಿಂಗಳಿಗೆ. ನರ್ಮದೆಗೆ ಹೋದವನು ದಾರಿಯಲ್ಲಿ ಜ್ವರ ಬಿದ್ದು ಮರುವರ್ಷ ಬಂದ. ಗಂಗೆ ಯಮುನೆಯರನ್ನು ಕಾಶಿಯಾತ್ರೆಯವರು ಬಾಯಿ ಬೆಸೆದ ತಾಮ್ರದ ಗಿಂಡಿಗಳಲ್ಲಿ ತಂದರು. ಕುದುರೆ ವ್ಯಾಪಾರಿಗಳ ಬೆನ್ನು ಹತ್ತಿ ಹೋದವನು ಸಿಂಧೂನದಿಯ ನೀರು ತರುವಷ್ಟರಲ್ಲಿ ನಾಲ್ಕು ವರ್ಷ ಕಳೆದಿತ್ತು. ಉಳಿದದ್ದು ಸರಸ್ವತಿ. ಆಕೆ ನೆಲದೊಳಗೆ ಗುಪ್ತವಾಗಿ ಹರಿಯುವವಳು, ಕಣ್ಣಿಗೆ ಕಾಣಳು! ಹುಡುಕಲು ಹೋದ ಇಬ್ಬರು ತಿರುಗಿ ಬರಲೇ ಇಲ್ಲ. ಆರು ಗಿಂಡಿಗಳು ಗುಡಿಯಲ್ಲಿ ಕೂತವು, ಹೊಂಡಕ್ಕೆ ಕಾವಲು ಕೂತಿತು, ಹೆಂಗಸರು ತುಂಬಿದ ನೀರಿನ ಪಕ್ಕದಲ್ಲೇ ಹಾದು ಕಣಿವೆಗೆ ಹೋದರು. ಬೆಣ್ಣೆ ಕೈಯಲ್ಲಿಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದರಂತೆ ಎಂಬ ಗಾದೆ ನಮ್ಮೂರಲ್ಲೇ ಹುಟ್ಟಿರಬೇಕು ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ.

ಐದನೆಯ ಬೇಸಿಗೆಯಲ್ಲಿ ಮಾರಕ್ಕನ ಮಗಳು ಗಿರಿಯವ್ವ ಹೆರಿಗೆಗೆ ತವರಿಗೆ ಬಂದಿದ್ದಳು. ತಾಯಿ ಬೇಡವೆಂದರೂ ಕೇಳದೆ ಕೊಡ ಹಿಡಿದು ಕಣಿವೆಗೆ ಇಳಿದವಳು ಕಲ್ಲುದಾರಿಯಲ್ಲಿ ಜಾರಿ ಬಿದ್ದಳು. ಹೊತ್ತು ತಂದು ಮಲಗಿಸಿದಾಗ ನೋವು ಶುರುವಾಗಿತ್ತು. ಸೂಲಗಿತ್ತಿ ನೀರು ಕೇಳಿದಳು. ಮನೆಯಲ್ಲಿ ಒಂದು ತಂಬಿಗೆಯೂ ಇರಲಿಲ್ಲ. ಮಾರಕ್ಕ ಕೊಡ ಎತ್ತಿಕೊಂಡು ನೇರ ಹೊಂಡಕ್ಕೆ ನಡೆದಳು. ಕಾವಲಿನವರು ಕೂಗಿದರು, ಊರು ಸೇರಿತು, ನಾಯಕನೂ ಜೋಯಿಸರೂ ಓಡಿ ಬಂದರು.

"ಏಳನೇ ಹೊಳೆ ಇನ್ನೂ ಬಂದಿಲ್ಲ ಕಣೆ ಮಾರಕ್ಕ" ಎಂದ ನಾಯಕ.

"ಆ ಹೊಳೆ ಎಲ್ಲಿ ಹರೀತೈತೆ ಜೋಯಿಸ್ರೆ?"

"ನೆಲದೊಳಗಮ್ಮ."

"ಮತ್ತೆ ಈ ನೀರು ಎಲ್ಲಿಂದ ಬಂತು, ಮುಗಿಲಿಂದ ಬಿತ್ತಾ? ನೆಲ ಅಗೆದು ಇದನ್ನ ಮೇಲಕ್ಕೆ ತಂದೋಳು ನಾನು. ಐದು ವರ್ಷದಿಂದ ನಿಮ್ಮ ಕಣ್ಮುಂದೇನೇ ಐತೆ! ಅಲ್ಲಿ ನನ್ನ ಮಗಳು ಒದ್ದಾಡ್ತಾ ಅವ್ಳೆ. ದಾರಿ ಬಿಡ್ರಿ."

ಜೋಯಿಸರು ತಾವೇ ಗುಡಿಗೆ ಹೋಗಿ ಆರು ಗಿಂಡಿಗಳನ್ನು ತಂದು ಹೊಂಡಕ್ಕೆ ಸುರಿದರು. ಅಷ್ಟರಲ್ಲಿ ಮಾರಕ್ಕ ಕೊಡ ತುಂಬಿಕೊಂಡು ಮನೆ ಸೇರಿದ್ದಳು. ತಾಯಿ ಮಗು ಇಬ್ಬರೂ ಉಳಿದರು. ಹೊರಗಿನಿಂದ ಬಂದ ನದಿಗಳು ಆರೇ ಆದ್ದರಿಂದ ಹೊಂಡಕ್ಕೆ ಆರುಹೊಳೆ ಎಂದೇ ಹೆಸರಾಯಿತು. ನಾಚಿದ ನಾಯಕ ಏಳನೆಯ ಕಲ್ಲಿನ ಮೇಲೆ ಮಾರಕ್ಕನ ಹೆಸರು ಕೆತ್ತಿಸಲು ಹೋದ. "ಅದನ್ನಾದ್ರೂ ಸುಮ್ನೆ ಬಿಡ್ರಪ್ಪ, ಕೊಡ ಇಳಿಸಾಕೆ ಒಂದು ಕಲ್ಲು ಬೇಕು" ಎಂದಳಂತೆ ಅವಳು.

ಈಗ ಹೊಂಡದ ಪಕ್ಕದಲ್ಲಿ ಹೊಸ ನೀರಿನ ಟ್ಯಾಂಕ್ ಎದ್ದಿದೆ. ನೀರು ತುಂಬಿದೆ, ನಲ್ಲಿಯೂ ಇದೆ. ಉದ್ಘಾಟನೆಗೆ ದೊಡ್ಡವರು ಬರಬೇಕೆಂದು ಮೂರು ವರ್ಷದಿಂದ ಅದಕ್ಕೆ ಬೀಗ ಹಾಕಿದ್ದಾರೆ. ಯಾರಿಗೆ ಹೇಳೋಣ? ಬಂದವರು ಆ ಬೀಗವನ್ನೂ ನೋಡಬಹುದು, ಬೋಳುಕಲ್ಲನ್ನೂ ನೋಡಬಹುದು. ಕೊಡ ಇಳಿಸಿ ಇಳಿಸಿ ಕಲ್ಲಿನ ನೆತ್ತಿ ಗುಂಡಗೆ ಸವೆದಿದೆ. ಈ ಬೆಳಿಗ್ಗೆಯೂ ಅದು ಒದ್ದೆಯಾಗಿತ್ತು.